ಬಂದಳಿಕೆ: ಊರೂ ಹೌದು, ಮದ್ದಿನ ಗಿಡವೂ ಹೌದು

ಬಂದಳಿಕೆ ಅಂದ ತಕ್ಷಣ ಇತಿಹಾಸದ ಹುಚ್ಚು ಇರುವವರಿಗೆ ನೆನಪಾಗುವುದು ಶಿಕಾರಿಪುರ ತಾಲ್ಲೂಕಿನ ಆ ಊರು. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ, ಸೋಮೇಶ್ವರ ದೇವಾಲಯ, ಜೊತೆಗೆ ಒಂದಷ್ಟು ಶಾಸನಗಳು. ಅದೇ ಹೆಸರನ್ನು ತೋಟ ಮಾಡುವವರ ಮುಂದೆ ಹೇಳಿ ನೋಡಿ, ಮಾವಿನ ಮರದ ಕೊಂಬೆ ತೋರಿಸುತ್ತಾರೆ! ಬೇರೆ ಮರದ ಮೇಲೆ ಬೇರೂರಿ, ಅದರ ರಸ ಹೀರಿ ಬದುಕುವ ಗಿಡಕ್ಕೂ ಬಂದಳಿಕೆ ಅಂತಲೇ ಹೆಸರು. ತೋಟದವರಿಗೆ ಅದು ಶನಿ, ನಾಟಿ ವೈದ್ಯರಿಗೆ ಮದ್ದು. ಊರು ಮತ್ತು ಗಿಡ ಎರಡನ್ನೂ ಇಟ್ಟುಕೊಂಡು ಮದ್ದಿನ ಗಿಡ ಬೆಳೆಸುವುದರ ಬಗ್ಗೆ ಸ್ವಲ್ಪ ಯೋಚಿಸೋಣ ಅನ್ನಿಸಿತು.

ಮೊದಲು ಊರು. ಇದು ನಾಗರಖಂಡ ಎಪ್ಪತ್ತರ ಮುಖ್ಯ ಊರು, ಶಾಸನಗಳಲ್ಲಿ ಬಂದಣಿಕೆ, ಬಾಂಧವಪುರ. ರಾಷ್ಟ್ರಕೂಟ ಎರಡನೇ ಕೃಷ್ಣನ ಕಾಲದಲ್ಲಿ, ಅಂದರೆ 10ನೇ ಶತಮಾನದ ಆರಂಭದಲ್ಲಿ, ಇಲ್ಲಿನ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡ. ಅಧಿಕಾರ ಬಂದದ್ದು ಅವನ ಹೆಂಡತಿ ಜಕ್ಕಿಯಬ್ಬೆಗೆ. ಸಾವಿರ ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ನಾಡು ಆಳಿದಳು, ಸಮರ್ಥವಾಗಿ ಆಳಿದಳು. ಕೊನೆಗೆ ಕಾಯಿಲೆ ಬಿದ್ದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟಳು. ಆಳುವವರಿಗೂ ಕಾಯಿಲೆ ಅಂದರೆ ಏನೆಂಬುದು ಆ ಒಂದು ಕಲ್ಲಿನಲ್ಲಿ ಕಾಣುತ್ತದೆ.

ಇದೇ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಇನ್ನೊಂದು ಕಲ್ಲಿದೆ. ಕೇದಾರೇಶ್ವರ ದೇವಾಲಯದ ಕೋಡಿಮಠದ 1162ರ ಶಾಸನ, ಕಳಚುರಿ ಬಿಜ್ಜಳನ ಕಾಲದ್ದು. ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ ಪ್ರಕಟಿಸಿದ್ದು. ಆ ಮಠದಲ್ಲಿ ವ್ಯಾಕರಣ, ದರ್ಶನಗಳನ್ನು ಕಲಿಸುತ್ತಿದ್ದರು. ಕುಂಟರು, ಕುರುಡರು, ದಿಕ್ಕಿಲ್ಲದವರಿಗೆ ಅನ್ನ ಹಾಕುತ್ತಿದ್ದರು. ರೋಗಿಗಳಿಗೆ ಚಿಕಿತ್ಸೆಯನ್ನೂ ಕೊಡುತ್ತಿದ್ದರು. ಈಗಿನ ಮಾತಲ್ಲಿ ಹೇಳುವುದಾದರೆ ಕಾಲೇಜು, ಛತ್ರ, ಆಸ್ಪತ್ರೆ ಮೂರೂ ಒಂದೇ ಕಡೆ.

ಆಸ್ಪತ್ರೆ ಅಂದಮೇಲೆ ಮದ್ದು ಬೇಕಲ್ಲ? ಸುತ್ತಲೂ ಮಲೆನಾಡಿನ ಅಂಚಿನ ಕಾಡು, ಹೆಚ್ಚಿನದು ಅಲ್ಲಿಂದಲೇ ಬಂದಿರಬೇಕು. ಆದರೆ ಕಾಡಿಗೆ ಹೋಗಿ ಸಿಕ್ಕಿದ್ದನ್ನು ಕಿತ್ತು ತರುವ ಪದ್ಧತಿ ಆಯುರ್ವೇದದ್ದಲ್ಲ. ಚರಕ ಸಂಹಿತೆಯ ಕಲ್ಪಸ್ಥಾನ ಶುರುವಾಗುವುದೇ ನೆಲ ಮತ್ತು ಕಾಲದ ವಿಚಾರದಿಂದ. ಎಳೆ ಕೊಂಬೆ, ಎಲೆ ಮಳೆಗಾಲದಲ್ಲಿ ಇಲ್ಲವೇ ವಸಂತದಲ್ಲಿ. ಬೇರು ಬೇಸಿಗೆಯಲ್ಲಿ ಅಥವಾ ಶಿಶಿರದಲ್ಲಿ. ತೊಗಟೆ, ಗೆಡ್ಡೆ, ಹಾಲು ಶರತ್ಕಾಲದಲ್ಲಿ. ಮರದ ಚೇಗು ಹೇಮಂತದಲ್ಲಿ. ಎಷ್ಟು ಸಿಕ್ಕಿತು ಅನ್ನುವುದಕ್ಕಿಂತ ಯಾವಾಗ, ಎಲ್ಲಿ ಸಿಕ್ಕಿತು ಅನ್ನುವುದೇ ಅಲ್ಲಿ ಮುಖ್ಯ.

ಗಿಡ ಬೆಳೆಸುವ ವಿದ್ಯೆ ಕನ್ನಡದಲ್ಲೂ ಇತ್ತು. ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಅಂತರ್ಜಲ ಹುಡುಕುವುದರಿಂದ ಹಿಡಿದು ಅಡುಗೆ, ಸುಗಂಧ, ವೈದ್ಯದವರೆಗೆ ಎಲ್ಲ ಇದೆ. ವೃಕ್ಷಾಯುರ್ವೇದಕ್ಕೂ ಒಂದು ಅಧ್ಯಾಯ. ಗಿಡಕ್ಕೂ ಆಯುರ್ವೇದ! ಮದ್ದು ಕೊಡುವ ಗಿಡವೂ ಆರೋಗ್ಯವಾಗಿರಬೇಕು ಅನ್ನುವ ತಿಳುವಳಿಕೆ.

ಈಗ ಬಂದಳಿಕೆ ಗಿಡಕ್ಕೆ ಬರೋಣ. ಹಣ್ಣು ತಿಂದ ಹಕ್ಕಿ ಅಂಟಾದ ಬೀಜವನ್ನು ಇನ್ನೊಂದು ಕೊಂಬೆಗೆ ಉಜ್ಜಿ ಹೋಗುತ್ತದೆ, ಅಲ್ಲೇ ಅದು ಮೊಳೆಯುತ್ತದೆ. ಎಲೆ ಹಸಿರಾಗಿರುವುದರಿಂದ ಆಹಾರ ತಾನೇ ತಯಾರಿಸುತ್ತದೆ, ನೀರು ಲವಣಗಳನ್ನು ಮಾತ್ರ ಮರದಿಂದ ಕದಿಯುತ್ತದೆ. ಅಷ್ಟೇ ಅಲ್ಲ, ಮರದ ಗುಣವನ್ನೂ ಒಯ್ಯುತ್ತದೆ! ಕಣಗಿಲೆಯ ಮೇಲೆ ಬೆಳೆದ ಬಂದಳಿಕೆಯ ಎಲೆಯಲ್ಲಿ, ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲ ಕಣಗಿಲೆಯ ವಿಷದ ಅಂಶಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಗಿಡ ಅದೇ, ಎಲೆ ಅದೇ, ಆಸರೆ ಬದಲಾದರೆ ಮದ್ದು ವಿಷ. ಎಲೆಯನ್ನು ತೂಕಕ್ಕೆ ಹಾಕಿದರೆ ಈ ವ್ಯತ್ಯಾಸ ತಿಳಿಯುತ್ತದೆಯೇ?

ಇದರ ದೂರದ ನೆಂಟ ನಮ್ಮ ಶ್ರೀಗಂಧ. ಸೊರಬ, ಸಾಗರದ ಗುಡಿಗಾರರ ಕೈಯಲ್ಲಿ ಕೆತ್ತನೆಯಾಗುವ ಆ ಮರವೂ ಅರೆ ಪರಾವಲಂಬಿ. ಬಂದಳಿಕೆ ಕೊಂಬೆಯ ಮೇಲೆ ಮಾಡುವುದನ್ನು ಗಂಧ ಮಣ್ಣಿನೊಳಗೆ ಗುಟ್ಟಾಗಿ ಮಾಡುತ್ತದೆ. ಅದರ ಬೇರು ಪಕ್ಕದ ಗಿಡದ ಬೇರಿಗೆ ಅಂಟಿಕೊಳ್ಳುವುದನ್ನು ಜಾನ್ ಸ್ಕಾಟ್ 1871ರಲ್ಲಿ ತೋರಿಸಿಕೊಟ್ಟ. ನರ್ಸರಿಯಲ್ಲಿ ಸಸಿಯ ಜೊತೆ ತೊಗರಿ ಹಾಕುವುದು ಇದಕ್ಕೇ.

ಟಿಪ್ಪು 1792ರಲ್ಲಿ ಗಂಧವನ್ನು ರಾಜವೃಕ್ಷ ಮಾಡಿದ ಮೇಲೆ, ಹಿತ್ತಲಲ್ಲಿ ಹುಟ್ಟಿದ ಮರವೂ ಸರ್ಕಾರದ್ದೇ ಆಯಿತು. ಹಾಗಿದ್ದಾಗ ರೈತ ಯಾಕಾದರೂ ಬೆಳೆಸಿಯಾನು? ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯ ನಂತರ ಬೆಳೆದವನಿಗೆ ಮರದ ಮೇಲೆ ಹಕ್ಕು ಸಿಕ್ಕಿತು. ಆಮೇಲೆ ಸಸಿ ನೆಡುವವರ ಸಂಖ್ಯೆ ಹೆಚ್ಚಿತು, ಜೊತೆಗೆ ಬೇಗ ದುಡ್ಡು ನೋಡುವ ಆಸೆಯೂ. ಆದರೆ ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ, ಹೊರಗಿನ ಬಿಳಿ ಮರದಲ್ಲಿ ಅಲ್ಲ. ಚೇಗು ಕಟ್ಟಲು ವರ್ಷಗಳು ಬೇಕು. ನೀರು ಗೊಬ್ಬರ ಸುರಿದರೆ ಕಾಂಡ ದಪ್ಪವಾದೀತು, ಚೇಗು ಅದೇ ಲೆಕ್ಕದಲ್ಲಿ ಹೆಚ್ಚಬೇಕೆಂದಿಲ್ಲ. ಅಂತಾರಾಷ್ಟ್ರೀಯ ಮಾನದಂಡ ಕೇಳುವುದು ಎಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ 41ರಿಂದ 55, ಬೀಟಾ ಸ್ಯಾಂಟಲಾಲ್ 16ರಿಂದ 24 ಶೇಕಡಾ. ಅಲ್ಲಿ ಕಾಂಡದ ದಪ್ಪಕ್ಕೆ ಅಂಕವಿಲ್ಲ.

ನನಗೆ ಅನ್ನಿಸುವುದು ಇಷ್ಟೆ. ಭತ್ತ, ಜೋಳಕ್ಕೆ ಇಳುವರಿ ಅಂದರೆ ತೂಕ. ಮದ್ದಿನ ಗಿಡಕ್ಕೆ ಇಳುವರಿ ಅಂದರೆ ಗುಣ. ಗಿಡ ತನ್ನಲ್ಲಿ ಕಹಿ, ಖಾರ, ಪರಿಮಳ ಕೂಡಿಡುವುದು ನಮಗಾಗಿ ಅಲ್ಲ, ಬಹಳ ಮಟ್ಟಿಗೆ ಹುಳು, ರೋಗ, ಬರಗಳಿಂದ ತನ್ನನ್ನು ಕಾಪಾಡಿಕೊಳ್ಳಲು. ತೀರಾ ಸುಖವಾಗಿ ಸಾಕಿದರೆ ಅದೂ ಸೊಪ್ಪು ತುಂಬಿ ಸುಮ್ಮನಾಗಬಹುದು. ಹಾಗಂತ ಗಿಡವನ್ನು ಒಣಗಿಸಿ ಅಂತಲ್ಲ, ಪ್ರತಿ ಗಿಡಕ್ಕೂ ಅದರದೇ ಹದ ಇದೆ. ಆದರೆ ವ್ಯಾಪಾರಿ ತೂಕ ನೋಡಿ ದುಡ್ಡು ಕೊಡುವವರೆಗೆ ರೈತ ತೂಕವನ್ನೇ ಬೆಳೆಯುತ್ತಾನೆ, ಅವನನ್ನು ದೂರಿ ಏನು ಪ್ರಯೋಜನ? ನಷ್ಟವಾಗುವುದು ಕಷಾಯ ಕುಡಿದೂ ಗುಣವಾಗದ ರೋಗಿಗೆ.

ಕಾಡು ಕರಗುತ್ತಿರುವಾಗ ಮದ್ದಿನ ಗಿಡಗಳನ್ನು ಹೊಲಕ್ಕೆ ತರಲೇಬೇಕು. ತರುವಾಗ ಗಿಡದ ಜೊತೆ ಹಳಬರ ಪ್ರಶ್ನೆಗಳನ್ನೂ ತರಬೇಕು: ಯಾವ ನೆಲ, ಯಾವ ಕಾಲ, ಯಾರ ಆಸರೆ? ಉತ್ತರವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವ ಅನುಕೂಲ ಅವರಿಗಿರಲಿಲ್ಲ, ನಮಗಿದೆ.

ಬಳ್ಳಿಗಾವಿ ನೋಡಲು ಹೋಗುವವರು ಬಂದಳಿಕೆಗೂ ಒಮ್ಮೆ ಹೋಗಿ ಬನ್ನಿ. ಶಾಸನ ನೋಡಿ, ಸುತ್ತಲಿನ ಮರಗಳನ್ನೂ ಸ್ವಲ್ಪ ತಲೆಯೆತ್ತಿ ನೋಡಿ.