ಕೋಲಾರ ಸೀಮೆಯ ಹೆಣ್ಣೊಪ್ಪಿಸುವ ಹಾಡು: ಎರಡು ನುಡಿ, ಒಂದೇ ಅಗಲಿಕೆ

ಮದುವೆ ಮುಗಿದು ಮಗಳನ್ನು ಗಂಡನ ಮನೆಗೆ ಕಳುಹಿಸುವ ವೇಳೆ ತವರಿನ ಹೆಂಗಸರು ಹಾಡುವ ಪದಗಳಿಗೆ ಹೆಣ್ಣೊಪ್ಪಿಸುವ ಹಾಡುಗಳೆಂದು ಹೆಸರು. ಕೋಲಾರ, ಮಾಲೂರು, ಮುಳಬಾಗಿಲು ಹಾಗೂ ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಕನ್ನಡದೊಂದಿಗೆ ತೆಲುಗೂ ಮನೆಮಾತು. ಆದ್ದರಿಂದ ಇಲ್ಲಿ ಈ ಶಾಸ್ತ್ರಕ್ಕೆ ಎರಡೂ ನುಡಿಗಳ ಹಾಡುಗಳುಂಟು. ತೆಲುಗಿನಲ್ಲಿ ಇವುಗಳನ್ನು ಅಪ್ಪಗಿಂತಲ ಪಾಟಲು ಎನ್ನುತ್ತಾರೆ.

ಸಂದರ್ಭ

ಮಡಿಲು ತುಂಬಿದ ಬಳಿಕ ತಂದೆತಾಯಿ ಮಗಳ ಕೈಯನ್ನು ಅತ್ತೆಮಾವಂದಿರ ಕೈಗಿಡುತ್ತಾರೆ. ಕೆಲವೆಡೆ ಆ ಕೈಯನ್ನು ಹಾಲಿನಲ್ಲಿ ಅದ್ದಿ ಒಪ್ಪಿಸುವ ವಾಡಿಕೆಯಿದೆ. ಒಬ್ಬಾಕೆ ಸೊಲ್ಲು ಹೇಳಿದರೆ ಉಳಿದವರು ಅದನ್ನೇ ಎತ್ತಿ ಹಾಡುತ್ತಾರೆ, ವಾದ್ಯದ ಹಂಗಿಲ್ಲ. ಬೀಗರಿಗೆ ವಿನಂತಿ, ಮಗಳಿಗೆ ಬುದ್ಧಿಮಾತು, ಹೆತ್ತವಳ ಸಂಕಟ ಈ ಮೂರೂ ಹಾಡಿನಲ್ಲಿ ಬೆರೆತಿರುತ್ತವೆ. ಬೀಗರ ಮುಂದೆ ನೇರವಾಗಿ ಆಡಲಾಗದ ಆತಂಕವನ್ನು, ಅಂದರೆ ಮಗಳು ತಪ್ಪು ಮಾಡಿದರೆ ಸೈರಿಸಿಕೊಳ್ಳಿ ಎಂಬ ಕೋರಿಕೆಯನ್ನು, ತಾಯಿಯ ಪರವಾಗಿ ನೆರೆದವರೆಲ್ಲ ಹಾಡಿ ಹೇಳುತ್ತಾರೆ.

ಸೀತೆ ಮತ್ತು ತತ್ವಪದ

ಅಗಲಿಕೆಯ ನೆನಪು ಈ ನೆಲದ ಐತಿಹ್ಯದಲ್ಲೂ ಉಂಟು. ರಾಮನಿಂದ ದೂರವಾದ ಸೀತೆ ಲವಕುಶರನ್ನು ಹೆತ್ತದ್ದು ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಎಂಬುದು ಸ್ಥಳಪುರಾಣ. ಅಲ್ಲಿನ ಬೆಟ್ಟದ ಮೇಲೆ ಸೀತೆಯ ಗುಡಿಯಿದೆ. ಕೊನೆಯ ಬೀಳ್ಕೊಡುಗೆಗೆ ಬೇರೆಯೇ ಹಾಡುಗಳಿವೆ. ಸಾವಿನ ಮನೆಯಲ್ಲಿ ಭಜನೆ ತಂಡಗಳು ತತ್ವಪದ ಹಾಡುವ ರೂಢಿಯಿದೆ. ತೆಲುಗು, ಕನ್ನಡ ಎರಡರಲ್ಲೂ ತತ್ವಪದ ರಚಿಸಿದ ಕೈವಾರ ತಾತಯ್ಯನವರ ಕೈವಾರವು 2007ರಲ್ಲಿ ಜಿಲ್ಲೆ ವಿಭಜನೆಯಾಗುವವರೆಗೆ ಕೋಲಾರಕ್ಕೇ ಸೇರಿತ್ತು.

ದೂರದ ಹೋಲಿಕೆ

ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಸೀಮೆಯಲ್ಲಿ ವಿರಹಕ್ಕೆ 'ಯರವಿ' ಎಂಬ ನಿಧಾನಗತಿಯ ಹಾಡು, ವಿದಾಯಕ್ಕೆ 'ಕಚರ್ಪಾಯ' ಎಂಬ ಹಾಡುಗಳಿವೆ. ಅಲ್ಲಿಯೂ ಕ್ವೆಚುವಾ ಹಾಗೂ ಸ್ಪ್ಯಾನಿಷ್ ನುಡಿಗಳು ಹಾಡಿನಲ್ಲಿ ಜತೆಗೂಡಿವೆ.

ಇಂದಿನ ಸ್ಥಿತಿ

ಮದುವೆಗಳು ಮನೆಯಂಗಳದಿಂದ ಕಲ್ಯಾಣ ಮಂಟಪಕ್ಕೆ ಸಾಗಿವೆ. ಒಪ್ಪಿಸುವ ಶಾಸ್ತ್ರ ಉಳಿದರೂ ಹಲವೆಡೆ ಅದರ ಹಾಡಿನ ಜಾಗವನ್ನು ಧ್ವನಿವರ್ಧಕದ ಚಿತ್ರಗೀತೆ ಹಿಡಿದಿದೆ. ಗಡಿನಾಡಿನ ಹಾಡಿಗೆ ಇನ್ನೊಂದು ಅಪಾಯವೂ ಇದೆ. ತೆಲುಗಿನದೆಂದು ಕನ್ನಡದ ಸಂಗ್ರಹದಿಂದ, ಕರ್ನಾಟಕದ್ದೆಂದು ತೆಲುಗಿನ ಸಂಗ್ರಹದಿಂದ ಅದು ಹೊರಗುಳಿಯಬಹುದು. ಹಾಡುವ ಅಜ್ಜಿಯರಿಗೆ ಈ ಗಡಿ ಎಂದೂ ತೊಡಕಾಗಿಲ್ಲ. ಅವರು ಹಾಡಿದಂತೆಯೇ ಎರಡೂ ನುಡಿಗಳಲ್ಲಿ ದಾಖಲಿಸಿಕೊಂಡರೆ ಮಾತ್ರ ಈ ಪರಂಪರೆ ಇಡಿಯಾಗಿ ಉಳಿದೀತು.