ವರದಿಯ ಅಂಕಣಗಳು ಸಾಲು ತಪ್ಪದಿರಲು

ಬಸವಕಲ್ಯಾಣ/ಹುಮನಾಬಾದ್: ಎಕರೆಯ ಅಂಕಿ ಗುಂಟೆಯ ಅಂಕಣಕ್ಕೆ ಸರಿದರೆ ಆಗುವ ಗೊಂದಲ ಸಣ್ಣದಲ್ಲ, ಒಂದು ಎಕರೆಗೆ 40 ಗುಂಟೆ. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕೀಕರಣಗೊಂಡವು. ಕೈಬರಹದ ಪಹಣಿಯ ಬದಲಿಗೆ ಕಂಪ್ಯೂಟರ್ ಪ್ರತಿ ಬಂದ ಮೇಲೆ ಅಂಕಣಗಳ ಜೋಡಣೆ ರೈತನಿಗೂ ಸಂಬಂಧಿಸಿದ ವಿಷಯವಾಯಿತು.

ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳಲ್ಲಿ ಪ್ರತಿ ಇಂಗ್ಲಿಷ್ ಅಕ್ಷರಕ್ಕೂ ಸಮಾನ ಅಗಲ. ಸಾಲಿಗೆ 80 ಅಥವಾ 132 ಅಕ್ಷರಗಳು. ಖಾಲಿ ಜಾಗ ತುಂಬಿ ಅಂಕಣಗಳನ್ನು ಜೋಡಿಸುವುದು ಪ್ರೋಗ್ರಾಂಗಳ ರೂಢಿಯಾಗಿತ್ತು. ಅದೇ ವರದಿಯನ್ನು ಎಚ್‌ಟಿಎಂಎಲ್ ಪುಟವಾಗಿಸಿದರೆ ಬ್ರೌಸರ್ ಸಾಲುಸಾಲು ಖಾಲಿ ಜಾಗಗಳನ್ನು ಒಂದೇ ಜಾಗವಾಗಿ ಕುಗ್ಗಿಸುತ್ತದೆ. ಸಾಲುಗಳೂ ಒಂದರೊಳಗೊಂದು ಸೇರಿಹೋಗುತ್ತವೆ.

ಇದಕ್ಕೆ ಪರಿಹಾರ 'ಪ್ರೀ' ಟ್ಯಾಗ್. ಅದರೊಳಗಿನ ಪಠ್ಯವು ಖಾಲಿ ಜಾಗ ಮತ್ತು ಸಾಲುಗಳ ಸಹಿತ ಇದ್ದಂತೆಯೇ ಕಾಣುತ್ತದೆ. ಬ್ರೌಸರ್‌ಗಳು ಅದನ್ನು ಸಾಮಾನ್ಯವಾಗಿ ಸಮಾನ ಅಗಲದ ಫಾಂಟ್‌ನಲ್ಲಿ ತೋರಿಸುತ್ತವೆ. ಆದರೆ ದತ್ತಾಂಶದಲ್ಲಿ '<' ಅಥವಾ '&' ಚಿಹ್ನೆ ಇದ್ದಲ್ಲಿ ಅದಕ್ಕೆ ನಿಗದಿಯಾದ ಸಂಕೇತವನ್ನು ಪ್ರೋಗ್ರಾಂ ಬರೆಯಬೇಕು. ಇಲ್ಲವಾದರೆ ಬ್ರೌಸರ್ ಅದನ್ನು ಟ್ಯಾಗ್ ಎಂದು ಭಾವಿಸಿ ಪಠ್ಯವನ್ನೇ ನುಂಗಬಹುದು.

ಇಂಗ್ಲಿಷ್ ವರದಿಗೆ ಇಷ್ಟು ಸಾಕು, ಕನ್ನಡಕ್ಕೆ ಸಾಲದು. 'ಬಸವಕಲ್ಯಾಣ' ಮತ್ತು 'ಹುಮನಾಬಾದ್' ಎರಡೂ ಯುನಿಕೋಡ್‌ನಲ್ಲಿ 9 ಸಂಕೇತಗಳೇ. ಕಣ್ಣಿಗೆ ಕಾಣುವುದು ಮಾತ್ರ ಮೊದಲನೆಯದರಲ್ಲಿ 6 ಅಕ್ಷರ, ಎರಡನೆಯದರಲ್ಲಿ 5. ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಪ್ರತ್ಯೇಕ ಸಂಕೇತಗಳಾಗಿರುವುದೇ ಕಾರಣ. 12 ಸ್ಥಾನದ ಅಂಕಣಕ್ಕೆ ಪ್ರೋಗ್ರಾಂ ಎರಡಕ್ಕೂ 3 ಖಾಲಿ ಜಾಗ ಸೇರಿಸುತ್ತದೆ. ಪರದೆಯ ಮೇಲೆ ಮುಂದಿನ ಅಂಕಣ ಒಂದೇ ಗೆರೆಗೆ ಬರುವುದಿಲ್ಲ. ಬೈಟ್‌ಗಳನ್ನು ಎಣಿಸುವ ಪ್ರೋಗ್ರಾಂ ಆದರೆ, ಯುಟಿಎಫ್-8ರಲ್ಲಿ ಪ್ರತಿ ಹೆಸರಿಗೂ 27 ಎಂದು ಲೆಕ್ಕಹಾಕಿ ಒಂದೂ ಜಾಗ ಸೇರಿಸದು.

ಆದ್ದರಿಂದ ಕನ್ನಡ ಹೆಸರುಗಳಿರುವ ವರದಿಯನ್ನು ಖಾಲಿ ಜಾಗದಿಂದ ಜೋಡಿಸದೆ 'ಟೇಬಲ್' ಟ್ಯಾಗ್‌ನಿಂದ ಕೋಷ್ಟಕವಾಗಿಸುವುದು ಸೂಕ್ತ. ಪ್ರತಿ ಮೌಲ್ಯಕ್ಕೂ ಅದರದೇ ಕೋಶವಿದ್ದರೆ ಹೆಸರು ಎಷ್ಟೇ ಉದ್ದವಾದರೂ ಎಕರೆ, ಗುಂಟೆಗಳು ತಮ್ಮ ಅಂಕಣ ಬಿಡವು. ಅಂಕಿಗಳನ್ನು ಬಲಕ್ಕೆ ಹೊಂದಿಸಬೇಕು. ಪುಟದ ಆರಂಭದಲ್ಲಿ ಯುಟಿಎಫ್-8 ಎಂದು ಘೋಷಿಸಬೇಕು. 'ಪ್ರೀ' ಟ್ಯಾಗ್ ಅನ್ನು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಷ್ಟೇ ಇರುವ ಪಟ್ಟಿಗಳಿಗೆ ಮೀಸಲಿಡಬಹುದು.

ವರದಿ ಬಳಕೆಗೆ ಬರುವ ಮುನ್ನ ಒತ್ತಕ್ಷರಗಳುಳ್ಳ ಉದ್ದನೆಯ ಹೆಸರುಗಳನ್ನು ಹಾಕಿ ಒಮ್ಮೆ ಮುದ್ರಿಸಿ ನೋಡುವುದು ಒಳಿತು. ಸಾಲು ತಪ್ಪಿದ್ದರೆ ಕಾಗದದ ಮೇಲೆ ಅದು ಕೂಡಲೇ ಗೋಚರಿಸುತ್ತದೆ.