ಅಂಗನವಾಡಿ ಟೀಚರಿಗೆ ಡಿಗ್ರಿ ಯಾಕೆ? ವಿದುರಾಶ್ವತ್ಥದಲ್ಲಿ ನಿಂತು ಒಂದು ಲೆಕ್ಕ

ವಿದುರಾಶ್ವತ್ಥಕ್ಕೆ ಬರುವವರಲ್ಲಿ ಬಹಳ ಮಂದಿ ಮಕ್ಕಳಿಗಾಗಿ ಹರಕೆ ಹೊತ್ತವರು. ಸಾಲುಸಾಲಾಗಿ ನಿಂತಿರುವ ಸಾವಿರಾರು ನಾಗರಕಲ್ಲುಗಳೇ ಅದಕ್ಕೆ ಸಾಕ್ಷಿ. ಮಗು ಹುಟ್ಟಲಿ ಎಂದು ಇಷ್ಟು ಬೇಡಿಕೊಳ್ಳುವ ನಾವು, ಆ ಮಗುವಿಗೆ ಮೂರು ವರ್ಷ ತುಂಬಿದಾಗ ಅದನ್ನು ಯಾರ ಕೈಗೆ ಒಪ್ಪಿಸುತ್ತೇವೆ, ಅವರು ಏನು ಓದಿದ್ದಾರೆ ಎಂದು ಕೇಳುವುದು ಕಡಿಮೆ.

ಕೇಳಿದರೂ ಬರುವ ಉತ್ತರ ಒಂದೇ: 'ಚಿಕ್ಕ ಮಕ್ಕಳನ್ನು ನೋಡಿಕೊಳ್ಳೋಕೆ ಓದು ಯಾಕೆ?'

ಈ ಮಾತು ಎಷ್ಟು ತಪ್ಪು ಎಂದು ತಿಳಿಯಲು ನಮ್ಮ ಗೌರಿಬಿದನೂರು ತಾಲ್ಲೂಕಿನ ಅಂಗನವಾಡಿಯೊಂದರಲ್ಲಿ ಒಂದು ಬೆಳಿಗ್ಗೆ ಕೂತರೆ ಸಾಕು. ಇದು ಆಂಧ್ರದ ಗಡಿ. ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡಿ, ಇಲ್ಲಿ ಮೊದಲ ಬಾರಿಗೆ ಕನ್ನಡ ಕೇಳುತ್ತವೆ. ಮೂರರ ಮಗು, ಐದರ ಮಗು ಎರಡೂ ಒಂದೇ ಕೋಣೆಯಲ್ಲಿ. ಮೂರು ವರ್ಷದ ಬೆರಳಿಗೆ ಪೆನ್ಸಿಲ್ ಹಿಡಿಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಅದಕ್ಕೆ ಬೇಕಾದದ್ದು ಮಣ್ಣು, ಮಣಿ, ಕಥೆ, ಹಾಡು. ಆದರೆ ಅಪ್ಪ ಅಮ್ಮನಿಗೆ ಬೇಕಾದದ್ದು ಎಬಿಸಿಡಿ ಬರೆದ ಪುಸ್ತಕ. ಇಷ್ಟನ್ನೂ ನಿಭಾಯಿಸುವುದು ಒಂದು ವಿದ್ಯೆ. ಅದನ್ನು ಕಲಿಯಬೇಕು, ಕಲಿಸಬೇಕು.

ಜಗತ್ತು ಇದನ್ನು ಒಪ್ಪಿ ಬಹಳ ಕಾಲವಾಯಿತು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳ ಶಾಲೆ ತೆರೆದು, ಮುಂದೆ ಅದಕ್ಕೆ 'ಮಕ್ಕಳ ತೋಟ' ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟರು. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲಿ ಬಾಲಮಂದಿರ ಆರಂಭಿಸಿದರು. ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ಕೊಟ್ಟರು.

ಇವೆಲ್ಲ ಹೆಚ್ಚಾಗಿ ಪಟ್ಟಣದ ಮಾತು. ಹಳ್ಳಿಗೆ ತಂದವರು ತಾರಾಬಾಯಿ ಮೋಡಕ್. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಕೆಲಸ ಆರಂಭಿಸಿದ ಅವರ ಜೊತೆ ನಿಂತವರು ಬಾಲವಿಧವೆಯಾಗಿದ್ದ ಅನುತಾಯಿ ವಾಘ್. ಆದಿವಾಸಿ ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯನ್ನೇ ಹಾಡಿಯ ಅಂಗಳಕ್ಕೆ ಒಯ್ದರು. ಅಂಗನವಾಡಿ ಎಂಬ ಹೆಸರಿನಲ್ಲಿರುವುದು ಆ ಅಂಗಳವೇ. ಅಂದರೆ ಅಂಗನವಾಡಿ ಹುಟ್ಟಿದ್ದು ಊಟ ಬಡಿಸುವ ಜಾಗವಾಗಿ ಅಲ್ಲ, ಪಾಠದ ಜಾಗವಾಗಿ.

ಸರ್ಕಾರ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ತಂದಿತು. ಕರ್ನಾಟಕದಲ್ಲಿ ಮೊದಲು ತಿ. ನರಸೀಪುರದಲ್ಲಿ 100 ಅಂಗನವಾಡಿಗಳು ಬಂದವು. ಕಾರ್ಯಕರ್ತೆಗೆ ಗೊತ್ತು ಮಾಡಿದ ಗೌರವಧನ, ಮೆಟ್ರಿಕ್ ಆಗಿದ್ದರೆ ತಿಂಗಳಿಗೆ 150 ರೂಪಾಯಿ, ಆಗದಿದ್ದರೆ 100. ಸಂಬಳ ಎನ್ನಲಿಲ್ಲ, ಗೌರವಧನ ಎಂದರು. ಟೀಚರ್ ಎನ್ನಲಿಲ್ಲ, ಕಾರ್ಯಕರ್ತೆ ಎಂದರು. ತೂಕ, ಲಸಿಕೆ, ಪೌಷ್ಟಿಕ ಆಹಾರ, ಬಾಣಂತಿಯರ ಭೇಟಿ, ರಿಜಿಸ್ಟರ್ ಎಲ್ಲವೂ ಅವರ ತಲೆಗೇ ಬಂತು. ಪಾಠ ಹಿಂದೆ ಸರಿಯಿತು.

ಈ ನಡುವೆ ಮಕ್ಕಳ ಬೆಳವಣಿಗೆ ಕಾಲೇಜಿನ ವಿಷಯವಾಗಿತ್ತು. ಬೆಂಗಳೂರಿನ ಗೃಹವಿಜ್ಞಾನ ಕಾಲೇಜಿನಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅದನ್ನು ಓದಿ ಡಿಗ್ರಿ ಪಡೆದವರಿದ್ದಾರೆ. ಡಿಗ್ರಿ ಒಂದು ಕಡೆ, ಹಳ್ಳಿಯ ಮಕ್ಕಳು ಇನ್ನೊಂದು ಕಡೆ. ಎರಡನ್ನೂ ಜೋಡಿಸುವ ದಾರಿ ಹಾಕಲಿಲ್ಲ.

ಕಾರ್ಯಕರ್ತೆಯರ ಸ್ಥಾನದ ಪ್ರಶ್ನೆ ಕೋರ್ಟಿಗೂ ಹೋಯಿತು. ನಮ್ಮ ರಾಜ್ಯದಿಂದಲೇ ಹೋದ ಅಮೀರ್‌ಬಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಇವರದು ಸರ್ಕಾರಿ ಹುದ್ದೆಯಲ್ಲ ಎಂದಿತು. ಹದಿನಾರು ವರ್ಷಗಳ ನಂತರ, ಗುಜರಾತಿನ ಪ್ರಕರಣವೊಂದರಲ್ಲಿ ಅದೇ ಕೋರ್ಟ್ ಇವರಿಗೆ ಗ್ರ್ಯಾಚುಟಿ ಕೊಡಬೇಕು ಎಂದು ತೀರ್ಪು ಕೊಟ್ಟಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದನ್ನು ಗಮನಿಸಿ: ಅಂಗನವಾಡಿಯಲ್ಲಿ ನಡೆಯುವ ಶಾಲಾಪೂರ್ವ ಕಲಿಕೆ ಶಿಕ್ಷಣವೇ, ಅದನ್ನು ಮಾಡುವುದು ಪಾಠ ಹೇಳುವ ಕೆಲಸವೇ.

ಆ ತೀರ್ಪು ಬಂದದ್ದು 2022ರ ಏಪ್ರಿಲ್ 25ರಂದು. ಆ ತಾರೀಕು ನಮ್ಮವರಿಗೆ ಬೇರೆ ಕಾರಣಕ್ಕೆ ಗೊತ್ತು. 1938ರ ಏಪ್ರಿಲ್ 25ರಂದು ಇದೇ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ರೈತರು, ಹಳ್ಳಿಯವರು. ಎರಡೂ ಒಂದೇ ತೂಕದ ಘಟನೆಗಳಲ್ಲ, ತಾರೀಕು ಕೂಡಿದ್ದು ಆಕಸ್ಮಿಕ. ಆದರೂ ಹುತಾತ್ಮರಿಗೆ ಹೂವಿಡುವ ದಿನ ಅಂಗನವಾಡಿಯ ಮಾತನ್ನೂ ಎತ್ತಿದರೆ ತಪ್ಪಾಗದು.

ಎತ್ತಬೇಕಾದ ಮಾತು ಇದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತ ಎಂದಿದೆ. ಆ ಹಂತಕ್ಕೆ ಕಲಿಸಲು ಪಿಯುಸಿ ನಂತರ ನಾಲ್ಕು ವರ್ಷದ ಬಿಎಡ್ ಡಿಗ್ರಿಯೂ ಬಂದಿದೆ. ಈಗಾಗಲೇ ಅಂಗನವಾಡಿಯಲ್ಲಿ ದುಡಿಯುತ್ತಿರುವವರಿಗೆ ನೀತಿ ಹೇಳುವುದು ಪಿಯುಸಿ ಆಗಿದ್ದರೆ ಆರು ತಿಂಗಳ ಸರ್ಟಿಫಿಕೇಟ್, ಇಲ್ಲದಿದ್ದರೆ ಒಂದು ವರ್ಷದ ಡಿಪ್ಲೊಮಾ, ಅದೂ ಮೊಬೈಲು, ಟಿವಿ ಮೂಲಕ. ನಾಲ್ಕು ವರ್ಷದ ಡಿಗ್ರಿಗೆ ದಿನವೂ ಕಾಲೇಜಿಗೆ ಹೋಗಬೇಕು. ಕೇಂದ್ರದ ಬಾಗಿಲು ತೆರೆಯಬೇಕಾದ ಹೆಂಗಸು ಹೋಗುವುದು ಹೇಗೆ? ನಾಳೆ ಡಿಗ್ರಿಯವರೇ ಬೇಕು ಎಂದಾಗ ಇವರ ಗತಿ ಏನು? 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಎಂದಾಗ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಬೀದಿಗಿಳಿದದ್ದು ತಮ್ಮ ಅಂಗನವಾಡಿ ಖಾಲಿಯಾಗುತ್ತದೆ ಎಂಬ ಭಯದಿಂದ.

ನಮ್ಮ ಹೊಸೂರಿನ ಎಚ್. ನರಸಿಂಹಯ್ಯನವರು ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದವರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅಷ್ಟಕ್ಕೇ ನಿಲ್ಲದೆ, ಗೌರಿಬಿದನೂರು, ಬಾಗೇಪಲ್ಲಿಗೆ ಕಾಲೇಜು ತಂದರು. ತಾವು ನಡೆದ ದೂರವನ್ನು ಮುಂದಿನವರು ನಡೆಯಬಾರದು ಎಂದರೆ ಮಾಡಬೇಕಾದದ್ದು ಅದೇ.

ಅಂಗನವಾಡಿ ಟೀಚರಿಗೂ ಬೇಕಾದದ್ದು ಅಂಥ ದಾರಿ. ಕೆಲಸ ಬಿಡದೆ, ತಾಲ್ಲೂಕಿನಲ್ಲೇ, ಕನ್ನಡದಲ್ಲಿ ಓದುವ ಡಿಗ್ರಿ. ಇಷ್ಟು ವರ್ಷ ಮಕ್ಕಳ ಜೊತೆ ಕಲಿತದ್ದಕ್ಕೆ ಅದರಲ್ಲಿ ಲೆಕ್ಕ. ಡಿಗ್ರಿ ಆದ ಮೇಲೆ ಟೀಚರ್ ಎಂಬ ಹೆಸರು, ಟೀಚರಿನ ಸಂಬಳ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮೂರಿನ ಅಂಗನವಾಡಿ ಟೀಚರ್ ಮಾತಾಡಲು ಎದ್ದರೆ, ಈ ಮಾತನ್ನು ನೀವೂ ಎತ್ತಿ.